ಮುಚ್ಚುಮಾತು

ನಮ್ಮ ಮನೆಯ ಬಾಗಿಲು ತೆಗೆದರೆ ಬಹುತೇಕ ದಿನ ಕೇಳುವುದು ನನ್ನದೇ ದನಿ. "ಗ್ಯಾಸ್ ಆರಿಸಿದ್ದೀನಾ?" ಬೆಳಿಗ್ಗೆ ಚಿಲಕಕ್ಕೆ ಕೈ ಹಾಕಿದಾಗ ನನ್ನ ಬಾಯಿಂದ ಬರುವುದು ಅದೇ. ಬಾಗಿಲು ಅದನ್ನೇ ಹಿಡಿದಿಟ್ಟುಕೊಂಡು ಸಂಜೆ ನಾನು ತೆಗೆಯುವಾಗ ಅಷ್ಟೇ ಗಾಬರಿಯಲ್ಲಿ ನನಗೆ ಹಿಂದಕ್ಕೆ ಕೊಡುತ್ತದೆ. ಪಕ್ಕದ ಮನೆಯ ಬಾಗಿಲು "ಹುಷಾರು ಕಣೋ" ಎನ್ನುತ್ತದೆ. ಎದುರು ಮನೆಯದು "ನಾಳೆ ಹಾಲು ಬೇಡ" ಎನ್ನುತ್ತದೆ. ಬಾಗಿಲು ಕೇಳಿ ಮನೆಯವರನ್ನು ಅಳೆ ಎಂಬ ಮಾತು ನಮ್ಮ ಊರಿನಲ್ಲಿದೆ. ನನ್ನನ್ನು ಅಳೆದವರಿಗೆ ಏನು ಸಿಕ್ಕಿರಬಹುದು ಎಂದು ಯೋಚಿಸಲು ಹೋಗುವುದಿಲ್ಲ.

ಹೊರಗಿನಿಂದ ಬಂದು ನೆಲೆಸಿದವರಿಗೆ ಇದು ಕಷ್ಟವಂತೆ. ನಮಗೆ ಉಸಿರಾಟದಷ್ಟು ಅಭ್ಯಾಸ. ಚಿಲಕ ಹಿಡಿದು ಆಡಿದ ಕೊನೆಯ ಮಾತು ಮಾತ್ರ ಮರದಲ್ಲಿ ಉಳಿಯುತ್ತದಾದ್ದರಿಂದ, ಹೆಂಡತಿಯೊಡನೆ ಜಗಳವಾಡಿ ಹೊರಟ ಗಂಡಸು ಬೀದಿ ತುದಿಯಿಂದ ತಿರುಗಿ ಬಂದು, ಚಿಲಕ ಹಿಡಿದು "ಬರ್ತೀನಿ" ಎಂದು ಮೆತ್ತಗೆ ಹೇಳಿ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಅದಕ್ಕೆ ಮುಚ್ಚುಮಾತು ಎನ್ನುತ್ತಾರೆ. ಮುಚ್ಚುಮಾತು ಬಿದ್ದ ಮೇಲೆ ಕೆಳಗಿನದು ಇಲ್ಲವೇ ಇಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಹೆಸರು ಹಿಡಿದು ಕರೆದು ಹೇಳಿದ ಮಾತನ್ನು ಆ ಹೆಸರಿನವರೇ ಬಂದು ಮುಚ್ಚಬೇಕು, ಬೇರೆಯವರು ಮುಟ್ಟಬಾರದು. ಪೇಟೆ ಬೀದಿಯ ದರ್ಜಿ ಗಂಗಣ್ಣ ಊರು ಬಿಟ್ಟು ಎಷ್ಟೋ ಕಾಲವಾಯಿತು. ಆ ಅಂಗಡಿಯಲ್ಲಿ ಈಗ ಫ್ಯಾನು ಮಿಕ್ಸಿ ರಿಪೇರಿ ಮಾಡುತ್ತಾರೆ. ಆದರೂ ಬಾಗಿಲು ತೆಗೆದರೆ ಇವತ್ತಿಗೂ ಯಾರೋ "ಗಂಗಣ್ಣ, ಮದುವೆನೇ ಮುಗೀತು, ಕೋಟು ಎಲ್ಲಿ?" ಎಂದು ಕೇಳುತ್ತಾರೆ. ರಿಪೇರಿಯವನು ದಿನಾ ಬೆಳಿಗ್ಗೆ "ಬಂದಿಲ್ಲ ಸ್ವಾಮಿ" ಎಂದು ಉತ್ತರ ಕೊಟ್ಟು ವ್ಯಾಪಾರ ಶುರುಮಾಡುತ್ತಾನೆ.

ನಾನು ವಿಜ್ಞಾನ ಹೇಳಿಕೊಡುವ ಶಾಲೆ ನಡೆಯುತ್ತಿದ್ದದ್ದೂ ಬಾಗಿಲುಗಳ ಮೇಲೆಯೇ. ಪಿರಿಯಡ್ ಮುಗಿದಾಗ ಮಕ್ಕಳು ಸ್ವಲ್ಪ ಹೊತ್ತು ಪಡಸಾಲೆಗೆ ಬರುತ್ತಾರೆ. ಮೇಷ್ಟ್ರು ಬಾಗಿಲೆಳೆದು, ಚಿಲಕ ಹಿಡಿದು, ಮುಂದಿನ ಮೇಷ್ಟ್ರಿಗೆ ಬೇಕಾದದ್ದನ್ನು ಹೇಳಿ ಹೋಗುತ್ತಾರೆ. ಕಿಟಕಿ ಪಕ್ಕದ ಬೆಂಚಿನವರು ತಿಂಡಿ ತಿಂದು ಬಂದಿಲ್ಲ, ಗದರಬೇಡಿ. ನಾನು ಮನೆಗೆಲಸ ಕೊಟ್ಟಾಗಿದೆ, ನೀವೂ ಹೇರಬೇಡಿ. ಹೀಗೆ. ಮುಂದಿನವರು ಬಾಗಿಲು ತೆಗೆದು ಕೇಳಿಸಿಕೊಂಡು ಮಕ್ಕಳನ್ನು ಒಳಗೆ ಕರೆಯುತ್ತಾರೆ. ತಲೆಮಾರುಗಳಿಂದ ಹೀಗೇ ನಡೆದು ಬಂದಿತ್ತು. ಹೋದ ವರ್ಷ ಆಡಳಿತ ಮಂಡಳಿಯವರು ಹಿಂದುಗಡೆ ಹೊಸ ಕಟ್ಟಡ ಕಟ್ಟಿಸಿದರು. ಗೆದ್ದಲು ಹಿಡಿಯುವುದಿಲ್ಲವೆಂದು ಅದಕ್ಕೆ ಕಬ್ಬಿಣದ ಬಾಗಿಲು ಇಡಿಸಿದರು. ಕಬ್ಬಿಣ ಮಾತು ಹಿಡಿಯುವುದಿಲ್ಲ. ಆರನೇ ತರಗತಿಯ ಹುಡುಗಿಯೊಬ್ಬಳಿಗೆ ತಲೆಸುತ್ತು ಎಂದು ಇಂಗ್ಲಿಷ್ ಮೇಡಂ ಅಭ್ಯಾಸಬಲದಿಂದ ಆ ಕಬ್ಬಿಣಕ್ಕೆ ಹೇಳಿ ಹೋದರು. ಮುಂದೆ ಬಂದ ಡ್ರಿಲ್ ಮೇಷ್ಟ್ರು ಜವರಪ್ಪ ಏನೂ ಗೊತ್ತಿಲ್ಲದೆ ಅವಳನ್ನು ಬಿಸಿಲಿನಲ್ಲಿ ಓಡಿಸಿದರು. ಹುಡುಗಿ ಬಿದ್ದಳು, ಎದ್ದಳು, ಏನೂ ಆಗಲಿಲ್ಲ. ಆದರೆ ಅವಳ ಮನೆಯವರು ಬಂದು ಕೂಗಾಡಿದ ಮೇಲೆ ಹೆಡ್ ಮೇಡಂ ಲಲಿತಾಂಬ ಅವರು ಮೇಷ್ಟ್ರುಗಳೆಲ್ಲರಿಗೂ ಶಾಲೆಯಿಂದಲೇ ಒಂದೊಂದು ಫೋನು ಕೊಟ್ಟು, ಅದರಲ್ಲಿ ಸುದ್ದಿ ಕಳಿಸಿಕೊಳ್ಳುವ ಏರ್ಪಾಡು ಮಾಡುವುದೆಂದು ತೀರ್ಮಾನಿಸಿದರು. ಬಾಗಿಲುಗಳಿರುವಾಗ ಬರೆದು ಕಳಿಸುವ ಗರಜು ನಮ್ಮ ಊರಿನಲ್ಲಿ ಯಾರಿಗೂ ಬಿದ್ದಿರಲಿಲ್ಲ. ಫೋನೆಂದರೆ ನಮಗೆ ಕರೆ ಮಾಡುವುದಕ್ಕೆ ಅಷ್ಟೆ.

"ದಾಕ್ಷಾಯಿಣಿ ಅವರೇ, ನೀವು ಕಂಪ್ಯೂಟರ್ ಕಲ್ತವರಲ್ವಾ, ಯಾವುದು ಚೆನ್ನಾಗಿದೆ ಅಂತ ನೋಡಿ ನೀವೇ ಒಂದನ್ನ ಆರಿಸಿ," ಎಂದರು ಹೆಡ್ ಮೇಡಂ.

ನಾನು ಕಲಿತದ್ದು ಸಂಜೆ ಕ್ಲಾಸಿನಲ್ಲಿ. ಹಗಲು ಔಷಧಿ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿಗೆ ಹೋಗಿ ಡಿಗ್ರಿ ಮಾಡಿದವಳು ನಾನು. ಅಲ್ಲಿದ್ದ ಒಂದೇ ಕಂಪ್ಯೂಟರಿನ ಮುಂದೆ ಸಾಲಿನಲ್ಲಿ ನಿಂತು, ಟೈಪು ಮಾಡಿ ಉಳಿಸುವುದನ್ನು ಕಲಿಯುವಷ್ಟರಲ್ಲಿ ವರ್ಷ ಮುಗಿದಿತ್ತು. ಆಗುವುದಿಲ್ಲ ಎನ್ನುವುದಕ್ಕೆ ಧೈರ್ಯ ಬೇಕು. ಗೊತ್ತಿಲ್ಲ ಎನ್ನುವುದಕ್ಕೆ ಅದಕ್ಕಿಂತ ಹೆಚ್ಚು ಧೈರ್ಯ ಬೇಕು. ಎರಡೂ ಇಲ್ಲದ್ದಕ್ಕೆ ಒಪ್ಪಿಕೊಂಡೆ. ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಶಿವನಂಜಯ್ಯ ಮೇಷ್ಟ್ರು.

ಸಂಜೆ ಕಾಲೇಜಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಅವರು. ಹಗಲೆಲ್ಲ ಶಾಲೆಯಲ್ಲಿ ಪಾಠ ಮಾಡಿ ಸಂಜೆ ನಮ್ಮಂಥವರಿಗಾಗಿ ಬರುತ್ತಿದ್ದರು. ಬಸ್ ಕಂಡಕ್ಟರುಗಳು, ಗಿರಣಿಯವರು, ಅಂಗಡಿ ಹುಡುಗಿಯರು, ಎಲ್ಲ ಬೆವರಿನಲ್ಲಿ ತೂಕಡಿಸುತ್ತ ಕೂತಿರುತ್ತಿದ್ದೆವು. "ಸಂಜೆ ಬಂದೋರಿಗೂ ಲೆಕ್ಕ ಅದೇ ಉತ್ತರ ಕೊಡುತ್ತೆ, ಎದ್ದು ಕೂತ್ಕೊಳ್ಳಿ," ಎನ್ನುತ್ತಿದ್ದರು. ಈಗ ಅದೇ ಶಾಲೆಯಲ್ಲಿ ನಾನು ಅವರ ಸಹೋದ್ಯೋಗಿ. ಅವರು ಬಾಗಿಲಲ್ಲಿ ಇಟ್ಟು ಹೋಗುವ ಮಾತು ಕೇಳಲು ಚೆಂದ. ಯಾವ ಮಗು ಎಲ್ಲಿ ಎಡವಿತು, ಯಾವುದಕ್ಕೆ ನಕ್ಕಿತು, ಎಲ್ಲ ಒಂದು ಉಸಿರಿನಲ್ಲಿ ಇರುತ್ತಿತ್ತು.

ಅವರಿಗೆ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ಪಡಸಾಲೆಯ ನೀರಿನ ಕೊಳಗದ ಹತ್ತಿರ ನಿಂತಿದ್ದಾಗ. ಅವರು ಎಂಟನೇ ತರಗತಿಯ ಬಾಗಿಲು ತೆಗೆದರು. ಬಾಗಿಲು, ಮುಂದಿನ ಸಾಲಿನ ಹುಡುಗನ ತಾತ ಬೆಳಿಗ್ಗೆ ತೀರಿಕೊಂಡರು, ಇವತ್ತು ಪರೀಕ್ಷೆ ಬೇಡ ಎಂದಿತು. ಮೇಷ್ಟ್ರು ಒಳಗೆ ಹೋಗಿ ನಗುನಗುತ್ತ ಆ ಹುಡುಗನ ಕೈಗೇ ಪ್ರಶ್ನೆಪತ್ರಿಕೆ ಕೊಟ್ಟು ಹಂಚಲು ಹೇಳಿದರು. ಬಾಗಿಲು ಕೇಳದವರಿಗೆ ತರಗತಿಯಿಲ್ಲ ಎನ್ನುವುದು ನಮ್ಮ ಶಾಲೆಯ ಹಳೆಯ ನಿಯಮ. ಹಿಂದೆ ಚಿತ್ರಕಲೆಯ ಮೇಷ್ಟ್ರೊಬ್ಬರಿಗೆ ಹೀಗಾದಾಗ ಅವರನ್ನು ಉಗ್ರಾಣಕ್ಕೆ ಹಾಕಿದ್ದರು. ಭೂಪಟ, ಚೆಂಡು ಕೊಡುತ್ತ, ತೆಗೆದಿಡುತ್ತ ಅವರು ಅಲ್ಲೇ ಸವೆದು ಹೋದರು. ಕಿವಿಗೆ ಯಂತ್ರ ಹಾಕಿಸಿಕೊಂಡರೂ ಅಷ್ಟೆ. ಮನುಷ್ಯರ ಮಾತು ಅಷ್ಟಿಷ್ಟು ಕೇಳೀತು, ಮರದ ಮಾತು ಅದರಲ್ಲಿ ಬರುವುದಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ಯಾವ ಬಾಗಿಲು ತೆಗೆದರೂ ನಾನು ಆಸುಪಾಸಿನಲ್ಲಿ ನೀರು ಕುಡಿಯುತ್ತಿದ್ದೆ. ಬಾಗಿಲು ಹೇಳಿದ್ದನ್ನು ಕೇಳಿಸಿಕೊಂಡು, ಅವರ ಎದುರಿಗೆ ಹಾದು ಹೋಗುತ್ತ, ಎಲ್ಲೋ ಕಿವಿಗೆ ಬಿದ್ದ ಸುದ್ದಿಯ ಹಾಗೆ, "ಸರ್, ಹಿಂದಿನ ಬೆಂಚಿನಲ್ಲಿ ಯಾರಿಗೋ ಜ್ವರವಂತೆ" ಎನ್ನುತ್ತಿದ್ದೆ. ಅವರು ನನ್ನ ತುಟಿ ನೋಡಿ, "ಹೌದಾ, ವಿಚಾರಿಸ್ತೀನಿ" ಎನ್ನುತ್ತಿದ್ದರು. ಎರಡು ವರ್ಷ ಇದು ನಡೆಯಿತು. ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಆಡಿಕೊಂಡದ್ದಿಲ್ಲ. ಜವರಪ್ಪ ಮಾತ್ರ ನಾನು ಕೊಳಗದ ಹತ್ತಿರ ಕಂಡಾಗಲೆಲ್ಲ, "ಮೇಡಂ, ನಿಮ್ಗೇಂತಲೇ ಒಂದು ಬಾವಿ ತೋಡಿಸ್ಬೇಕು" ಎನ್ನುತ್ತಿದ್ದರು.

ಫೋನಿನ ಸುದ್ದಿ ಬರಹದಲ್ಲಿ ಬಂದರೆ ಮೇಷ್ಟ್ರು ನಿವೃತ್ತಿಯವರೆಗೂ ತಲೆಯೆತ್ತಿಕೊಂಡು ಪಾಠ ಮಾಡಬಹುದು. ನನ್ನ ಲೆಕ್ಕಾಚಾರ ಇಷ್ಟೇ ಇತ್ತು.

ಪಟ್ಟಣದ ಫೋನು ಕಂಪನಿಯಿಂದ ಮಾಲಿನಿ ಎಂಬ ಹುಡುಗಿ ಬಸ್ಸಿನಲ್ಲಿ ಬಂದು ಸುದ್ದಿ ಕಳಿಸುವ ಮೂರು ಬಗೆಯ ಏರ್ಪಾಡುಗಳನ್ನು ತೋರಿಸಿದಳು. ಟಪಾಲು ಎನ್ನುವುದರಲ್ಲಿ ಪ್ರತಿ ಸುದ್ದಿಗೂ ವಿಷಯ, ವಿಳಾಸ ಎಲ್ಲ ಬರೆಯಬೇಕು. ಅಷ್ಟು ಹೊತ್ತಿಗೆ ಪಿರಿಯಡ್ಡೇ ಮುಗಿಯುತ್ತದೆ ಎಂದು ಎಲ್ಲರೂ ಕೈಬಿಟ್ಟರು. ಕರೆಗಂಟೆ ಎನ್ನುವುದರಲ್ಲಿ ಮಾತಾಡಿದರೆ ಸಾಕು, ಅದು ದನಿಯನ್ನು ಹಿಡಿದಿಟ್ಟು ಇನ್ನೊಬ್ಬರಿಗೆ ಕೇಳಿಸುತ್ತದೆ. ಅದನ್ನು ನೋಡಿದ್ದೇ ಎಲ್ಲರ ಮುಖ ಅರಳಿತು. "ಇದು ನಮ್ಮ ಬಾಗ್ಲೇ ಅಲ್ವಾ," ಎಂದರು ಜವರಪ್ಪ. ಶಿವನಂಜಯ್ಯ ಮೇಷ್ಟ್ರು ಎಲ್ಲರ ಮುಖ ನೋಡಿ ತಾವೂ ನಕ್ಕರು. ಮೂರನೆಯದು ಕಿಟಕಿ. ಬರೆದರೆ ಎಲ್ಲರ ಫೋನಿನಲ್ಲೂ ಕಾಣಿಸುತ್ತದೆ. ಅದೇ ಒಳ್ಳೆಯದು, ಚಾರ್ಜು ಉಳಿಯುತ್ತದೆ, ಕ್ಲಾಸಿನಲ್ಲಿ ಸದ್ದಾಗುವುದಿಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಅದನ್ನೇ ಒಪ್ಪಿಸಿದೆ. ಒಂದು ತಿಂಗಳು ನೋಡೋಣ ಎಂದರು ಹೆಡ್ ಮೇಡಂ.

"ಯಾರಿಗಾದ್ರೂ ಡೌಟ್ ಇದ್ಯಾ?" ಎಂದು ಕೊನೆಗೆ ಮಾಲಿನಿ ಕೇಳಿದಳು.

ನನಗೆ ಎರಡಿದ್ದವು. ಹೊಸ ಸುದ್ದಿ ಬಂದಾಗ ಹಳೆಯದು ಎಲ್ಲಿಗೆ ಹೋಗುತ್ತದೆ? ಒಬ್ಬರಿಗೇ ಬರೆಯಬಹುದು ಎಂದಳಲ್ಲ, ಅದು ಹೇಗೆ? ಎರಡೂ ನಾಲಿಗೆ ತುದಿಗೆ ಬಂದವು. ಆರಿಸಿದವಳಿಗೇ ಗೊತ್ತಿಲ್ಲವಂತೆ, ಸಂಜೆ ಕಾಲೇಜಿನವರ ಹಣೆಬರಹವೇ ಇಷ್ಟು ಎಂದು ಯಾರಾದರೂ ಅಂದುಕೊಂಡರೆ? ಯಾರೂ ಅಂದಿರಲಿಲ್ಲ, ಅನ್ನುವವರೂ ಅಲ್ಲ. ಆದರೂ ಆ ಮಾತು ನನ್ನ ತಲೆಯಲ್ಲಿ ಯಾವಾಗಲೂ ಯಾರದೋ ದನಿಯಲ್ಲಿ ಕೇಳುತ್ತಿರುತ್ತದೆ. ತಿಳಿದವಳ ಹಾಗೆ ತಲೆಯಾಡಿಸಿದೆ. ಮಾಲಿನಿ ಬ್ಯಾಗು ಎತ್ತಿಕೊಂಡು ಬಸ್ ಹಿಡಿಯಲು ಓಡಿದಳು.

ನಾನು ಇನ್ನೊಂದು ಕೆಲಸ ಮಾಡಿದೆ. ಮೇಷ್ಟ್ರಿಗೆ ಕಣ್ಣೂ ಮಂಜು. ಅವರೊಬ್ಬರ ಫೋನಿನಲ್ಲಿ ಮಾತ್ರ ಅಕ್ಷರ ದೊಡ್ಡದು ಮಾಡಿದರೆ ಎದ್ದು ಕಾಣುತ್ತದೆಂದು ಎಲ್ಲರ ಫೋನಿನಲ್ಲೂ ಅಕ್ಷರಗಳನ್ನು ಹೆಬ್ಬೆರಳ ಗಾತ್ರ ಮಾಡಿಕೊಟ್ಟೆ. ಆಮೇಲೆ ಆ ಪುಟ್ಟ ಪರದೆಯಲ್ಲಿ ಹಿಡಿಸುತ್ತಿದ್ದದ್ದು ಒಂದೇ ಸುದ್ದಿ. ಹೊಸದು ಬಂದರೆ ಹಳೆಯದು ಕಣ್ಮರೆ. ನಮ್ಮ ಊರಿನವರಿಗೆ ಇದಕ್ಕಿಂತ ಅರ್ಥವಾಗುವ ಯಂತ್ರ ಇನ್ನೊಂದು ಇರಲಿಲ್ಲ. ನಾನೂ ಅದನ್ನೇ ನಂಬಿದೆ. ನನ್ನ ಮೊದಲ ಸಂಶಯ ಕೇಳದೆಯೇ ಬಗೆಹರಿಯಿತೆಂದು ಸಮಾಧಾನಪಟ್ಟೆ.

ಹೀಗೆ ಕಿಟಕಿ ಶುರುವಾಯಿತು. ತರಗತಿಯ ಹೊತ್ತಿನಲ್ಲಿ ಫೋನುಗಳೆಲ್ಲ ಸ್ಟಾಫ್ ರೂಮಿನ ಬುಟ್ಟಿಯಲ್ಲಿರುತ್ತಿದ್ದವು. ಮೇಷ್ಟ್ರುಗಳು ಬಿಡುವಿನಲ್ಲಿ ಬಂದು ಓದಿ ಬರೆಯುತ್ತಿದ್ದರು. ಬರೆದು, ಬೇಕಾದವರು ಓದಿದರೆಂದು ಖಾತ್ರಿಯಾದ ಮೇಲೆ ಒಂದು ಮುಚ್ಚುಮಾತು ಹಾಕುತ್ತಿದ್ದರು. ನಮಸ್ಕಾರ. ಶುಭದಿನ. ಇವತ್ತು ಸೆಕೆ. ಕಬ್ಬಿಣದ ಬಾಗಿಲಿನ ಕಟ್ಟಡಕ್ಕೆ ಜೀವ ಬಂತು. ಹಳೆಯ ಕಟ್ಟಡದಲ್ಲಿ ಬಾಗಿಲಿಗೆ ಹೇಳಿದ್ದನ್ನೂ ಜನ ಕಿಟಕಿಯಲ್ಲಿ ಇನ್ನೊಮ್ಮೆ ಬರೆಯತೊಡಗಿದರು. ಬರೆದದ್ದು ಮುಚ್ಚಿಹೋಗುತ್ತದೆಂಬ ಧೈರ್ಯಕ್ಕೆ ಜನರ ಕೈ ಸಡಿಲವಾಯಿತು. ಬಾಗಿಲಿಗೆ ಹೇಳಲು ಹಿಂಜರಿಯುವುದನ್ನೂ ಇಲ್ಲಿ ಬರೆದರು. ಶಿವನಂಜಯ್ಯ ಮೇಷ್ಟ್ರಂತೂ ಎಲ್ಲರಿಗಿಂತ ಮೊದಲು ಓದಿ ಎಲ್ಲರಿಗಿಂತ ಮೊದಲು ಉತ್ತರ ಬರೆಯುತ್ತಿದ್ದರು. ನಾನು ನೀರಿನ ಕೊಳಗದ ಹತ್ತಿರ ಹೋಗುವುದು ಕಡಿಮೆಯಾಯಿತು. ಏನೋ ಒಂದು ಒಳ್ಳೆಯದು ಮಾಡಿದೆನೆಂದು, ಬಹಳ ವರ್ಷಗಳ ಮೇಲೆ, ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆದರೆ ಕರೆಗಂಟೆಯ ಆಸೆ ಯಾರಿಗೂ ಹೋಗಿರಲಿಲ್ಲ. ಟೈಪು ಮಾಡಿ ಬೆರಳು ನೋಯುತ್ತದೆ ಎಂದು ಜವರಪ್ಪನವರು ಎಲ್ಲರನ್ನೂ ಸೇರಿಸಿಕೊಂಡು ಹೆಡ್ ಮೇಡಂ ಹತ್ತಿರ ಹೋದರು. ಒಂದು ಮಧ್ಯಾಹ್ನ, ನನಗೆ ಬಿಡುವಿದ್ದ ಪಿರಿಯಡ್ಡಿನಲ್ಲಿ, ಹೆಡ್ ಮೇಡಂ ಕಿಟಕಿಯಲ್ಲಿ ಬರೆದರು. ದಾಕ್ಷಾಯಿಣಿ ಅವರೇ, ಎಲ್ಲರೂ ಕರೆಗಂಟೆಯೇ ಬೇಕೆನ್ನುತ್ತಿದ್ದಾರೆ, ಬೇಡ ಎನ್ನಲು ನಿಮ್ಮಲ್ಲಿ ಸರಿಯಾದ ಕಾರಣವಿದ್ದರೆ ಈಗಲೇ ತಿಳಿಸಿ, ಇಲ್ಲದಿದ್ದರೆ ಸಂಜೆ ಆ ಕಂಪನಿಗೆ ಹೇಳಿಬಿಡುತ್ತೇನೆ.

ಎದ್ದು ಹೋಗಿ ಹೇಳಬಹುದಿತ್ತು. ಹೆಡ್ ಮೇಡಂ ಕೋಣೆ ಎದುರಿಗೇ ಇತ್ತು. ಆದರೆ ಬಾಯಿಬಿಟ್ಟು ಹೇಳಿದ ಮಾತು ಹೊರಗೆ ಬರುವಾಗ ಚಿಲಕದ ಮೇಲೆ ಉಳಿದುಬಿಟ್ಟರೆ? ಬರೆದು ಮುಚ್ಚುವುದೇ ಮೇಲೆನಿಸಿತು. ಬುಟ್ಟಿಯಲ್ಲಿ ಉಳಿದವರ ಫೋನುಗಳೆಲ್ಲ ಕಣ್ಣು ಮುಚ್ಚಿ ಮಲಗಿದ್ದವು. ಬರೆದೆ. "ಮೇಡಂ, ಶಿವನಂಜಯ್ಯ ಸರ್‌ಗೆ ಕಿವಿ ಕೇಳುವುದಿಲ್ಲ. ಎರಡು ವರ್ಷದಿಂದ ಅವರಿಗೆ ಬಾಗಿಲು ಕೇಳಿಲ್ಲ. ನಾನು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದೇನೆ. ಕರೆಗಂಟೆ ಬಂದರೆ ಅವರು ಉಗ್ರಾಣಕ್ಕೆ ಹೋಗಬೇಕಾಗುತ್ತದೆ. ದಯವಿಟ್ಟು ಕಿಟಕಿಯೇ ಇರಲಿ." ಬಾಗಿಲಲ್ಲಿ ನಿಂತು ನೋಡಿದೆ. ಎದುರು ಕೋಣೆಯಲ್ಲಿ ಹೆಡ್ ಮೇಡಂ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು, ನನ್ನ ಕಡೆ ನೋಡಿ ಆಗಲಿ ಎಂದು ಕೈ ಎತ್ತಿದರು. ತಕ್ಷಣ ಮುಚ್ಚುಮಾತು ಹಾಕಿದೆ. ಗಡಿಬಿಡಿಯಲ್ಲಿ ಏನು ತೋಚಿತೋ ಅದು. "ಎಲ್ಲರಿಗೂ ನಮಸ್ಕಾರ. ನಾಳೆ ಬಿಸಿಯೂಟಕ್ಕೆ ಪಾಯಸ ಇದೆ." ಮಾರನೆಯ ದಿನ ಪಾಯಸವಿರಲಿಲ್ಲ. ಮೇಷ್ಟ್ರುಗಳು ಒಬ್ಬೊಬ್ಬರಾಗಿ ಬಂದು ಕೇಳಿದರು. ಆ ಸಣ್ಣ ಸುಳ್ಳಿಗೇ ನಾನು ದಿನವೆಲ್ಲ ನಾಚಿಕೊಂಡೆ. ದೊಡ್ಡದು ಇನ್ನೂ ಬರಬೇಕಾಗಿತ್ತು.

ಅದು ಬಂದದ್ದು ಆ ವಾರದ ಕೊನೆಯಲ್ಲಿ, ಊಟದ ಬಿಡುವಿನಲ್ಲಿ. ಎಲ್ಲರೂ ಸ್ಟಾಫ್ ರೂಮಿನಲ್ಲಿದ್ದೆವು. ಶಿವನಂಜಯ್ಯ ಮೇಷ್ಟ್ರು ಬುಟ್ಟಿಯಿಂದ ತಮ್ಮ ಫೋನು ತೆಗೆದುಕೊಂಡರು. ಪರದೆಯ ಮೇಲೆ ಸೀಮೆಸುಣ್ಣದ ಪುಡಿ ಕೂತಿತ್ತು. ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಒರೆಸಿದರು. ಅಕ್ಷರಗಳೂ ಬೆರಳ ಜೊತೆಗೆ ಕೆಳಕ್ಕೆ ಸರಿದವು. ಅವರು ನಿಂತು ನೋಡಿದರು, ಇನ್ನೊಮ್ಮೆ ಒರೆಸಿದರು, ಆಮೇಲೆ ಕುರ್ಚಿಯೆಳೆದು ಕೂತು ನಿಧಾನವಾಗಿ ಒರೆಸುತ್ತ ಹೋದರು. ಹೊಸ ಲೆಕ್ಕವೊಂದು ಸಿಕ್ಕಿದಾಗ ಇರುತ್ತಿದ್ದ ಅದೇ ಮುಖ. ಒಂದು ಕಡೆ ಬೆರಳು ನಿಂತಿತು. ಬಹಳ ಹೊತ್ತು ನಿಂತಿತು. ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ನಂತರ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು: "ಜವರಪ್ಪ, ಇದರಲ್ಲಿ ಹಳೇದು ಹೋಗೋದಿಲ್ಲ ಕಣ್ರೀ. ಮೇಲೆ ಇರುತ್ತೆ. ಬೆರಳಲ್ಲಿ ಎಳೆದ್ರೆ ಇಳಿದು ಬರುತ್ತೆ."

ಎಲ್ಲರೂ ಎಳೆದರು. ಮೊದಲು ನಗೆಯೋ ನಗೆ. ಹೆಡ್ ಮೇಡಂ ಮೀಟಿಂಗ್ ಎಂದರೆ ಹತ್ತಿದವರಿಗೆ ಇಳಿಯುವ ನಿಲ್ದಾಣವೇ ಸಿಗದ ಬಸ್ಸು ಎಂದು ಜವರಪ್ಪ ಬರೆದು ಶುಭದಿನ ಎಂದು ಮುಚ್ಚಿದ್ದು ಸಿಕ್ಕಿತು. ಜವರಪ್ಪನ ಸೀಟಿ ಕೇಳಿದರೆ ಪಾಠ ಮರೆತುಹೋಗುತ್ತದೆ ಎಂದು ಇಂಗ್ಲಿಷ್ ಮೇಡಂ ಬರೆದದ್ದು ಸಿಕ್ಕಿತು. "ನೋಡ್ದ್ರಾ, ನೋಡ್ದ್ರಾ" ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡು, ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡರು. ಎಲ್ಲರದೂ ಬಯಲಾಗುತ್ತಿದ್ದುದರಿಂದ ಯಾರಿಗೂ ಹೆಚ್ಚು ನೋಯಲಿಲ್ಲ. ನಾನು ಒಬ್ಬಳೇ ಫೋನು ಮುಟ್ಟಲಿಲ್ಲ. ನಗು ಒಂದೊಂದು ಕುರ್ಚಿಯಲ್ಲಿ ಒಂದೊಂದಾಗಿ ಆರುವುದು ಕೇಳಿಸುತ್ತಿತ್ತು. ಯಾರ ಬೆರಳು ಅಲ್ಲಿಗೆ ತಲುಪಿತು ಎಂದು ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ಕೊನೆಗೆ ಜವರಪ್ಪನೂ ಸುಮ್ಮನಾದರು.

ಆಗ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಎಲ್ಲರೂ ಫೋನು ನೋಡುತ್ತ ಕಲ್ಲಾಗಿ ಕೂತಿದ್ದರು. ಮೇಷ್ಟ್ರೂ ಕೂತೇ ಇದ್ದರು. ಉಳಿದವರು ಎದ್ದರೆ ಗಂಟೆಯಾಯಿತೆಂದು ಅವರು ಏಳುತ್ತಿದ್ದರೆನ್ನುವುದು ಆ ಕ್ಷಣದಲ್ಲಿ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹೊಳೆದ ಮೇಲೆ ಏಳುವುದೂ ಕಷ್ಟ, ಕೂರುವುದೂ ಕಷ್ಟ. ನಾನು ಎದ್ದೆ. ಮೇಷ್ಟ್ರು ನಾನು ಎದ್ದದ್ದನ್ನು ನೋಡಿದರು, ಎಲ್ಲರೂ ತಮ್ಮನ್ನು ನೋಡುತ್ತಿರುವುದನ್ನು ನೋಡಿದರು, ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಹೊರಟರು. ನೆಲ ಬಾಯಿಬಿಡಬಾರದೆ ಎನ್ನುತ್ತಾರಲ್ಲ, ಆ ಸ್ಟಾಫ್ ರೂಮಿನ ನೆಲ ಗಟ್ಟಿ ಸಿಮೆಂಟಿನದು.

ಅವರ ಕೆಲಸ ಹೋಗಲಿಲ್ಲ. ಆಡಳಿತ ಮಂಡಳಿ ಸೇರಿ, ಈಗ ಬರಹವಿರುವುದರಿಂದ ಹಳೆಯ ನಿಯಮ ಅನ್ವಯಿಸುವುದಿಲ್ಲ, ಕಿಟಕಿಯೇ ಮುಂದುವರಿಯಲಿ ಎಂದಿತು. ಎಲ್ಲರೂ ಬಂದು ನನ್ನನ್ನು ಹೊಗಳಿದರು. ಎಂಥ ಒಳ್ಳೆಯ ಕೆಲಸ ಮಾಡಿದಿರಿ, ಎರಡು ವರ್ಷ ಒಬ್ಬರೇ ಹೊತ್ತಿರಲ್ಲ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅದೇ ಜನ ಈಗ ಮೇಷ್ಟ್ರ ಮುಂದೆ ನಿಂತು ಕೈಯನ್ನು ಬಾಯಿಗೆ ಹಿಡಿದು ಊಟವಾಯಿತೇ ಎಂದು ಕೇಳುತ್ತಿದ್ದರು. ಒಂದನೇ ತರಗತಿಯ ಮಗುವಿಗೆ ಬರೆಯುವ ಹಾಗೆ ಕಿಟಕಿಯಲ್ಲಿ ಅವರಿಗೆ ಬಿಡಿಬಿಡಿ ಪದಗಳನ್ನು ಬರೆಯುತ್ತಿದ್ದರು. ಗಂಟೆ ಹೊಡೆದರೆ ಒಬ್ಬರಲ್ಲ ಒಬ್ಬರು ಅವರ ಭುಜ ತಟ್ಟುತ್ತಿದ್ದರು. ಪ್ರತಿ ತಟ್ಟಿಗೂ ಅವರು ಥ್ಯಾಂಕ್ಸ್ ಎನ್ನುತ್ತಿದ್ದರು.

ಆಮೇಲೆ ಅವರು ಬಾಗಿಲುಗಳಲ್ಲಿ ಮಾತು ಇಡುವುದನ್ನು ಬಿಟ್ಟರು. ಪಾಠ ಮುಗಿಸಿ, ಬಾಗಿಲೆಳೆದು, ಸುಮ್ಮನೆ ಹೋಗುತ್ತಿದ್ದರು. ಏಳನೇ ಬಿ ತರಗತಿಗೆ ನಾನು ಹೋಗುವುದು ಅವರ ಪಿರಿಯಡ್ ಆದ ಮೇಲೆ. ಬಾಗಿಲು ತೆಗೆದರೆ ಅವರ ದನಿ ಇರುವ ಜಾಗದಲ್ಲಿ ಅವರಿಗಿಂತ ಮೊದಲಿನವರು ಇಟ್ಟ ಮಾತು ಕೇಳುತ್ತಿತ್ತು. ನಾನು ಮತ್ತೆ ಕೊಳಗದ ಹತ್ತಿರ ನಿಲ್ಲತೊಡಗಿದೆ, ಕ್ಷಮೆ ಕೇಳಲು. ಅವರು ನೆಲ ನೋಡುತ್ತ ಹಾದುಹೋಗುತ್ತಿದ್ದರು. ತುಟಿ ನೋಡದವರಿಗೆ ಏನು ಹೇಳುವುದು? ಬರೆಯೋಣವೆಂದರೆ ಬರೆಯಲು ಇದ್ದದ್ದು ಅದೇ ಕಿಟಕಿ. ಒಬ್ಬರಿಗೇ ಬರೆಯುವುದು ಹೇಗೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ, ಆದರೆ ಆ ಪರದೆಯ ಮೇಲೆ ಅವರ ಹೆಸರು ಮತ್ತೆ ಬರೆಯಲು ಬೆರಳು ಏಳುತ್ತಿರಲಿಲ್ಲ.

ಒಂದು ಸಂಜೆ ಏಳನೇ ಬಿ ಬಿಟ್ಟು ಹೊರಡುವಾಗ ಚಿಲಕದ ಮೇಲೆ ಕೈಯಿತ್ತು. ಮನೆಯಲ್ಲಿ ಗ್ಯಾಸಿನ ಮಾತು ಬರುವ ಹಾಗೆ, ನನಗೆ ಗೊತ್ತಿಲ್ಲದೆ ಬಂದುಬಿಟ್ಟಿತು: "ಶಿವನಂಜಯ್ಯ ಸರ್, ನಿಮ್ಮ ಗುಟ್ಟನ್ನ ನಾನು ಬೀದಿಗೆ ಹಾಕ್ದೆ. ತಪ್ಪಾಯ್ತು."

ಕೈ ತೆಗೆದ ಮೇಲೆ ಎಚ್ಚರವಾಯಿತು. ಹೆಸರು ಹಿಡಿದು ಕರೆದಿದ್ದೆ. ಇನ್ನು ಅದನ್ನು ನಾನೂ ಮುಚ್ಚುವ ಹಾಗಿಲ್ಲ. ಮುಚ್ಚಬೇಕಾದವರಿಗೆ ಅದು ಕೇಳುವುದಿಲ್ಲ.

ಮಾರನೆಯ ದಿನ ಮೊದಲ ಪಿರಿಯಡ್ಡಿಗೆ ಬಾಗಿಲು ತೆಗೆದ ಇಂಗ್ಲಿಷ್ ಮೇಡಂ ಬೆಚ್ಚಿ ಹಿಂದೆ ಸರಿದರಂತೆ. ಮೇಷ್ಟ್ರು ತಮ್ಮ ಹೊತ್ತಿಗೆ ಬಂದು ತೆಗೆದರು. ಮಕ್ಕಳೆಲ್ಲ ಸಾಲಾಗಿ ನಿಂತು ನನ್ನ ದನಿ ಕೇಳಿದರು. ಅವರು ಮಾತ್ರ ಒಳಗೆ ನಡೆದರು. ನಾನು ಹೋದಾಗ ನನಗೂ ಕೇಳಿತು. ಹೀಗೆ ದಿನಾ, ಪಿರಿಯಡ್ಡಿಗೊಂದು ಸಲ. ಅದನ್ನು ಕೇಳುವಾಗ ನನ್ನ ದನಿ ನನಗೆ ಅಸಹ್ಯವಾಗುತ್ತಿತ್ತು. ಅಳುವ ಹಾಗೆ ಎಳೆದಿದ್ದೆ. ಕ್ಷಮೆ ಕೇಳುವ ದನಿಯಲ್ಲಿಯೂ, ನೋಡಿ ನಾನೆಷ್ಟು ನೊಂದಿದ್ದೇನೆ ಎನ್ನುವ ರಾಗವಿತ್ತು. ಏಳನೇ ಬಿ ಬಾಗಿಲಿಗೆ ಬೇರೆ ಯಾರೂ ಮಾತು ಇಡುವಂತಿರಲಿಲ್ಲ. ಆ ತರಗತಿಯ ಸುದ್ದಿಯೆಲ್ಲ ಕಿಟಕಿಗೆ ಹೋಯಿತು. ನಾನು ಗಂಗಣ್ಣನ ಕೋಟು ಕೇಳಿದವನ ಹಾಗೆ ಅಲ್ಲೇ ಉಳಿದೆ.

ಮೇಷ್ಟ್ರು ದಡ್ಡರಲ್ಲ. ಉಳಿದ ಬಾಗಿಲುಗಳಲ್ಲಿ ಚಿಲಕ ಹಿಡಿದು ತುಟಿಯಾಡಿಸುವ ಮೇಷ್ಟ್ರುಗಳು ಇಲ್ಲಿ ಸುಮ್ಮನೆ ಹೋಗುವುದನ್ನು ಅವರು ನೋಡಿರಬೇಕು. ತಾವು ತೆಗೆದಾಗ ಮಕ್ಕಳು ತಲೆ ತಗ್ಗಿಸುವುದನ್ನೂ ನೋಡಿರಬೇಕು. ಒಂದು ದಿನ ತಮ್ಮ ಪಿರಿಯಡ್ ಮುಗಿಸಿ, ಮಕ್ಕಳು ಆಟದ ಬಯಲಿಗೆ ಹೋದ ಮೇಲೆ, ಅವರು ಪಡಸಾಲೆಯಲ್ಲೇ ನಿಂತಿದ್ದರು. ನಾನು ಬಂದೊಡನೆ ಕೈ ಮಾಡಿ ಕರೆದರು.

"ದಾಕ್ಷಾಯಿಣಿ, ಈ ಬಾಗಿಲಲ್ಲಿ ಏನೋ ನಿಂತಿದೆ. ನನ್ನ ಹೆಸರಿಂದೇ ಇರ್ಬೇಕು," ಎಂದರು. ದನಿ ಅಗತ್ಯಕ್ಕಿಂತ ಜೋರಾಗಿತ್ತು. ಮೊದಲು ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದರು, ಈಗ ಆ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಗಿಲಿನ ಹಲಗೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ತೆಗೆದರು. ಬಾಗಿಲು ಮಾತಾಡಿತು. ಅದು ನಡುಗುವುದು ಅವರ ಅಂಗೈಗೆ ತಿಳಿಯುತ್ತಿತ್ತೆಂದು ಕಾಣುತ್ತದೆ. ನಿಲ್ಲುವವರೆಗೂ ಕಾದು, ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ, ನನ್ನ ತುಟಿಗಳನ್ನು ನೋಡಿದರು.

"ಏನಂತೆ?"

ಎರಡು ವರ್ಷ ಬೇರೆಯವರ ಮಾತನ್ನು ನನ್ನದೆಂಬಂತೆ ಸಲೀಸಾಗಿ ಹೇಳಿದ್ದ ಬಾಯಿಗೆ ನನ್ನದೇ ಮಾತು ಬರಲಿಲ್ಲ. ಅವರು ಕಾದರು. ಸಂಜೆ ಕಾಲೇಜಿನಲ್ಲಿ ಕಪ್ಪುಹಲಗೆಯ ಮುಂದೆ ನಿಂತು ತಡವರಿಸುವಾಗ ಕಾಯುತ್ತಿದ್ದ ಹಾಗೆಯೇ ಕಾದರು. ಕೊನೆಗೆ ಹೇಳಿದೆ. ರಾಗವಿಲ್ಲದೆ, ಒಂದೊಂದೇ ಪದ, ಅವರಿಗೆ ಕಾಣುವ ಹಾಗೆ. ನಿಮ್ಮ ಗುಟ್ಟನ್ನ ನಾನು ಬೀದಿಗೆ ಹಾಕ್ದೆ. ತಪ್ಪಾಯ್ತು.

ಅವರು ನನ್ನ ತುಟಿಯಿಂದ ಕಣ್ಣು ತೆಗೆದು ಬಾಗಿಲನ್ನು ನೋಡಿದರು.

"ಗುಟ್ಟು ಅಂತ ಯಾಕಂದೆ? ಅದು ಗುಟ್ಟಲ್ಲ ಕಣಮ್ಮ. ಅದು ನಾವಿಬ್ರೂ ಮಾಡ್ತಿದ್ದ ಕೆಲಸ. ನೀನು ಹೇಳ್ತಿದ್ದೆ, ನಾನು ನೋಡ್ಕೋತಿದ್ದೆ. ನಡೀತಿತ್ತು." ಹಲಗೆಯ ಮೇಲಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. "ನೀನು ಬರೆದಿದ್ದು ನನ್ನ ಪಾಠ ಉಳೀಲಿ ಅಂತ. ಉಳೀತು. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನನ್ನ ಒಂದು ಮಾತು ಕೇಳ್ಬಹುದಿತ್ತು. ಕೇಳೋಕೂ ನಾಚ್ಕೆನಾ ನಿಂಗೆ?"

ಹೌದು ಎಂದು ತಲೆಯಾಡಿಸಿದೆ.

"ಕ್ಲಾಸಲ್ಲೂ ನೀನು ಹಾಗೇ. ಗೊತ್ತಾಗದಿದ್ರೂ ತಲೆ ಆಡಿಸ್ತಿದ್ದೆ," ಎಂದರು. ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ. "ಇನ್ನು ಆ ನೀರಿನ ಹತ್ರ ನಿಲ್ಬೇಡ. ಬೇಕಾಗಿಲ್ಲ ಅದು."

ಮಕ್ಕಳು ಬಯಲಿನಿಂದ ಬರುವ ಸದ್ದು ಕೇಳಿತು. ನಾನು ಆ ಕಡೆ ತಿರುಗಿದ್ದನ್ನು ನೋಡಿ ಅವರಿಗೂ ತಿಳಿಯಿತು. ಬಾಗಿಲು ಎಳೆದುಕೊಂಡು, ಚಿಲಕ ಹಿಡಿದು, ಪಡಸಾಲೆಯ ಕೊನೆಯವರೆಗೂ ಕೇಳುವ ಹಾಗೆ ಹೇಳಿದರು: "ಏಳನೇ ಬಿ. ಭಿನ್ನರಾಶಿ ಅರ್ಧಕ್ಕೆ ನಿಂತಿದೆ. ಹಿಂದಿನ ಬೆಂಚಿನ ಹುಡುಗೀರು ಛೇದ ಅಂದ್ರೆ ಹೆದರ್ತಾರೆ, ಯಾರೂ ನಗಬೇಡಿ. ಸೀಮೆಸುಣ್ಣ ಮುಗಿದಿದೆ." ಹೇಳಿ, ನನ್ನ ಕಡೆ ನೋಡದೆ, ಎಂಟನೇ ತರಗತಿಯ ಕಡೆ ಹೊರಟರು.

ನಾನು ಬಾಗಿಲು ತೆಗೆದೆ. ನನ್ನ ದನಿ ಇರಲಿಲ್ಲ. ಅವರದಿತ್ತು, ಆ ಒರಟು ಜೋರಿನಲ್ಲಿಯೇ.

ಮಕ್ಕಳಿಗೆ ಪುಸ್ತಕ ತೆಗೆಯಲು ಹೇಳಿ ಉಗ್ರಾಣಕ್ಕೆ ಓಡಿಹೋಗಿ ಸೀಮೆಸುಣ್ಣ ತಂದು ಮೇಜಿನ ಮೇಲಿಟ್ಟೆ. ಪಿರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಬುಟ್ಟಿಯಿಂದ ಫೋನು ತೆಗೆದುಕೊಂಡೆ. ಅವರೊಬ್ಬರಿಗೇ ಬರೆಯಬಹುದಿತ್ತು. ಎಲ್ಲರಿಗೂ ಕಾಣುವ ಕಡೆಯಲ್ಲೇ ಬರೆದೆ. "ಶಿವನಂಜಯ್ಯ ಸರ್, ಏಳನೇ ಬಿಗೆ ಸೀಮೆಸುಣ್ಣ ಇಟ್ಟಿದ್ದೇನೆ." ಬಿಡಿಬಿಡಿಯಾಗಿ ಅಲ್ಲ, ಯಾರಿಗಾದರೂ ಬರೆಯುವ ಹಾಗೆ. ಬೆರಳು ಅಭ್ಯಾಸದಿಂದ ನಮಸ್ಕಾರ ಎಂದು ಮುಚ್ಚಲು ಹೊರಟಿತು. ತಡೆದೆ. ಮೇಲೆ ಎಲ್ಲೋ ಆ ಹಳೆಯ ಮಾತು ಹಾಗೇ ಇದೆ, ಅದರ ಕೆಳಗೆ ಬರದ ಪಾಯಸವೂ ಇದೆ. ಯಾರ ಬೆರಳಾದರೂ ಎಳೆದರೆ ಇಳಿದು ಬರುತ್ತದೆ. ಫೋನನ್ನು ಬುಟ್ಟಿಯಲ್ಲಿಟ್ಟೆ. ಬಾಯಾರಿತ್ತು. ಕೊಳಗದ ಕಡೆ ಹೋಗದೆ, ಹೊಸ ಕಟ್ಟಡದ ಕಬ್ಬಿಣದ ಬಾಗಿಲು ತಳ್ಳಿಕೊಂಡು ಮುಂದಿನ ಕ್ಲಾಸಿಗೆ ಹೋದೆ.